ವಂಶಾಗತ ನರವ್ಯಾಧಿಯೂ ನಮ್ಮ ಕರ್ತವ್ಯವೂ

(ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ನಮ್ಮದೊಂದು ತಪ್ಪಿನ ನಿವೇದನೆಯಿಂದಲೇ ಈ ಭಾಷಣವನ್ನು ಆರಂಭಿಸಬೇಕಾಗಿದೆ. ಎಂಟನೆಯ ತರಗತಿಯಲ್ಲಿ ಒಬ್ಬ ಬಾಲಕನಿದ್ದನು. ಸಮತಟ್ಟಾದ ಅಂಗಳದಲ್ಲಿಯೂ ಅವನು ಎಡವುವನು. ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರುವುದು. ಕವಾಯತಿನಲ್ಲಿ ಹೆಜ್ಜೆ ತಪ್ಪುವುದು. ಒಂದು ಕಾಲಕ್ಕೆ ದುಂಡಾಗಿದ್ದ ಅವನ ಅಕ್ಷರ ವರ್ಷವರ್ಷಕ್ಕೆ ಕೆಡುತ್ತ ಬಂದಿತ್ತು. ಇದು ಆಲಸ್ಯವೆಂದೇ ನಿಶ್ಚಯಿಸಿ, ಎಲ್ಲರೆದುರು ಗದರಿಸಿ, ತಂದೆಯವರನ್ನು ಕರೆತರುವಂತೆ ಆಜ್ಞಾಪಿಸಿದೆವು. ಮರುದಿನ ತಂದೆಯವರು ಬಂದರು. ಜಗಲಿಯತ್ತ ಬರುವಾಗ ಅವರು ಮೊಣಕಾಲನ್ನು ಅತಿ ಎತ್ತರಕ್ಕೆ ಎತ್ತಿ, ಪಾದವನ್ನು ನೆಲಕ್ಕೆ ಅಪ್ಪಳಿಸುವಂತೆ ಇಳಿಸುತ್ತಿದ್ದರು. ಮೀನಖಂಡಗಳು ಬತ್ತಿಹೋಗಿದ್ದವು. ಮಗನದೂ ಅದೇ ನಡಿಗೆ! ನಾವು ಗದರಿಸಿದ್ದು ಹುಡುಗನನ್ನಲ್ಲ, ಅವನ ರೋಗವನ್ನು ಎಂಬುದು ಆಗ ಹೊಳೆದು ತಲೆತಗ್ಗಿಸಿದೆವು.

ನರರೋಗ ತಜ್ಞರು ಪರೀಕ್ಷಿಸಿ, ಇದು ವಂಶಪಾರಂಪರ್ಯವಾಗಿ ಬರುವ ನರವ್ಯಾಧಿಯೆಂದು ನಿರ್ಣಯಿಸಿದರು. ಅವರ ಕಾಗದವಿದ್ದುದು ಇಂಗ್ಲಿಷಿನಲ್ಲಿ. ಆಸ್ಪತ್ರೆಯಲ್ಲಿ ವಿವರಿಸಿದ್ದು ಮಲಯಾಳದಲ್ಲಿ. “ಇದನ್ನು ಒಮ್ಮೆ ಕನ್ನಡದಲ್ಲಿ ಹೇಳಿಕೊಡಿ ಮಾಷ್ಟ್ರೇ” ಎಂದು ತಂದೆಯವರು ಕೇಳಿದರು. ಅವರಿಗೆ ಹೇಳಿದುದನ್ನೇ, ಅವರ ಒಪ್ಪಿಗೆ ಪಡೆದು, ಇಂದು ಎಲ್ಲರಿಗೂ ಹೇಳುತ್ತಿದ್ದೇವೆ.

1886ರಲ್ಲಿ ಫ್ರಾನ್ಸಿನ ಶಾರ್ಕೋ ಮತ್ತು ಮಾರಿ, ಇಂಗ್ಲೆಂಡಿನ ಟೂತ್ ಎಂಬ ವೈದ್ಯರು ಈ ವ್ಯಾಧಿಯನ್ನು ವರ್ಣಿಸಿದರು. ಆದಕಾರಣ ಇದಕ್ಕೆ ಶಾರ್ಕೋ-ಮಾರಿ-ಟೂತ್ ವ್ಯಾಧಿಯೆಂದು ಹೆಸರಾಯಿತು. ಸುಮಾರು 2,500 ಜನರಲ್ಲಿ ಒಬ್ಬರಿಗೆ ಇದು ಇರುವುದೆಂದು ಸಾಮಾನ್ಯ ಅಂದಾಜು.

ನಮ್ಮ ನರತಂತುಗಳ ಸುತ್ತ ಮಯೆಲಿನ್ ಎಂಬ ಪೊರೆಯಿದೆ. ಅದರ ನಡುನಡುವೆ ಸಣ್ಣ ತೆರಪುಗಳಿವೆ. ತೋಡಿನಲ್ಲಿ ಕಲ್ಲಿನಿಂದ ಕಲ್ಲಿಗೆ ಹಾರುತ್ತ ಮಕ್ಕಳು ದಾಟುವಂತೆ, ನರದ ಸಂದೇಶವು ತೆರಪಿನಿಂದ ತೆರಪಿಗೆ ಹಾರಿ ಸಾಗುವುದು. ಆರೋಗ್ಯವಂತರ ತೋಳಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 50 ಮೀಟರು ಅಥವಾ ಅದಕ್ಕೂ ಹೆಚ್ಚು. ಪೊರೆ ಕೆಟ್ಟಾಗ ಸಂದೇಶವು ನೀರಿಗಿಳಿದು ನಡೆದಂತಾಗಿ, ವೇಗ 38 ಮೀಟರಿಗಿಂತಲೂ ಕೆಳಗಿಳಿಯುವುದು. ಆದರೆ ಈ ನಿಧಾನವೊಂದೇ ಬಲವನ್ನು ಕುಂದಿಸುವುದಿಲ್ಲ. ಪೊರೆಯ ಆಸರೆ ತಪ್ಪಿದ ತಂತು ಕಾಲಕ್ರಮದಲ್ಲಿ ತಾನೇ ಕ್ಷಯಿಸುವುದು. ಆಗ ಸ್ನಾಯುಗಳು ಸೊರಗುವುವು. ಇನ್ನೊಂದು ಬಗೆಯಲ್ಲಿ ಪೊರೆಗಿಂತ ಮೊದಲು ತಂತುವೇ ಕೆಡುವುದು. ಪಾದಕ್ಕೆ ಹೋಗುವ ತಂತುಗಳೇ ಅತ್ಯಂತ ಉದ್ದವಾದವು. ಆದುದರಿಂದ ಮೊದಲು ಬಳಲುವುದು ಕಾಲು, ಅನಂತರ ಕೈ. ಅಂಗಾಲಿನ ಕಮಾನು ಎತ್ತರವಾಗಿ, ಬೆರಳುಗಳು ಮಡಚಿಕೊಳ್ಳುವುವು. ಕ್ರಮೇಣ ಅಂಗಿಯ ಗುಂಡಿ ಹಾಕುವುದೂ, ಲೇಖನಿ ಹಿಡಿಯುವುದೂ ಕಷ್ಟವಾಗುವುದು.

ಇದಕ್ಕೆ ಕಾರಣವೇನು? ಪೂರ್ವಜನ್ಮದ ಪಾಪವಲ್ಲ, ತಾಯಿಯ ಪಥ್ಯದೋಷವೂ ಅಲ್ಲ. ಅತ್ಯಂತ ಸಾಮಾನ್ಯವಾದ ಬಗೆಯಲ್ಲಿ 17ನೆಯ ವರ್ಣತಂತುವಿನ ಒಂದು ತುಣುಕು ಇಮ್ಮಡಿಯಾಗಿರುವುದೆಂದು 1991ರಲ್ಲಿ ತಿಳಿದುಬಂದಿತು. ಪೊರೆಯ ಒಂದು ಪ್ರೋಟೀನಿಗೆ ಸಂಬಂಧಿಸಿದ ಜೀನಿನ ಎರಡು ಪ್ರತಿಗಳಿರಬೇಕಾದಲ್ಲಿ ಮೂರಿರುವುವು. ತಂದೆಗಾಗಲಿ ತಾಯಿಗಾಗಲಿ ಈ ದೋಷವಿದ್ದರೆ, ಗಂಡಾಗಲಿ ಹೆಣ್ಣಾಗಲಿ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಕೆಲವೊಮ್ಮೆ ಮನೆತನದಲ್ಲಿ ಹಿಂದೆಂದೂ ಇಲ್ಲದೆ ಹೊಸದಾಗಿಯೂ ತಲೆದೋರಬಹುದು. ಇನ್ನು ಕೆಲವು ವಿರಳ ಬಗೆಗಳು, ತಾವು ಆರೋಗ್ಯವಾಗಿದ್ದೂ ದೋಷವನ್ನು ಹೊತ್ತ ತಂದೆತಾಯಿಗಳಿಬ್ಬರಿಂದಲೂ ಬಂದಾಗ ಮಾತ್ರ ಪ್ರಕಟವಾಗುವುವು. ಸೋದರಮಾವನ ಸಂಬಂಧದಂತಹ ರಕ್ತಸಂಬಂಧದ ವಿವಾಹಗಳಲ್ಲಿ ಇವುಗಳ ಸಂಭವ ಹೆಚ್ಚು.

ಕಾಲು ಜೋಮು ಹಿಡಿದು ಸ್ಪರ್ಶ ಮಂದವಾಗುವುದರಿಂದ, ಇದನ್ನು ಕುಷ್ಠವೆಂದು ಭ್ರಮಿಸುವವರುಂಟು. ಆ ಬಾಲಕನ ಬೆಂಚಿನಲ್ಲಿ ಕೂರಲು ಕೆಲವರು ಹಿಂಜರಿದಿದ್ದರಂತೆ. ಕುಷ್ಠವು ಕ್ರಿಮಿಯಿಂದ ಬರುವುದು, ಔಷಧಿಯಿಂದ ಗುಣವಾಗುವುದು. ಆ ರೋಗಿಯನ್ನು ದೂರವಿಡುವುದೂ ಅನ್ಯಾಯವೇ. ಈ ವ್ಯಾಧಿಯಾದರೋ ಅಂಟುವಂಥದೇ ಅಲ್ಲ.

ಕೆಟ್ಟ ನರವನ್ನು ಮೊದಲಿನಂತೆ ಮಾಡುವ ಔಷಧಿ ಇನ್ನೂ ಇಲ್ಲ. ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಬುದ್ಧಿಗೆ ಇದರಿಂದ ಕುಂದಿಲ್ಲ. ಆಯುಸ್ಸೂ ಸಾಮಾನ್ಯವಾಗಿ ಕುಗ್ಗದು. ತಕ್ಕ ವ್ಯಾಯಾಮ, ಪಾದವನ್ನು ಎತ್ತಿ ಹಿಡಿಯುವ ಪಟ್ಟಿ, ಸರಿಯಾದ ಪಾದರಕ್ಷೆ, ಅಗತ್ಯವಿದ್ದಲ್ಲಿ ಶಸ್ತ್ರಚಿಕಿತ್ಸೆ ಇವುಗಳಿಂದ ಬಹಳ ಉಪಕಾರವಾಗುವುದು. ನೋವು ತಿಳಿಯದೆ ಗಾಯವಾಗಿರಬಹುದಾದ್ದರಿಂದ ದಿನವೂ ಅಂಗಾಲನ್ನು ನೋಡಿಕೊಳ್ಳಬೇಕು. ಬೇರಾವ ಚಿಕಿತ್ಸೆಗೆ ಹೋದರೂ ಈ ವ್ಯಾಧಿಯ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ವಿನ್‌ಕ್ರಿಸ್ಟಿನ್ ಎಂಬ ಅರ್ಬುದದ ಔಷಧಿಯು ಇಂಥವರ ನರಗಳಿಗೆ ತೀವ್ರ ಹಾನಿಯುಂಟುಮಾಡಬಲ್ಲುದು.

ಉಪಾಧ್ಯಾಯ ಬಂಧುಗಳೇ, ಮಗುವಿನ ಅಕ್ಷರ ಕೆಟ್ಟರೆ ಮೊದಲು ಕೈಯನ್ನು ನೋಡಿರಿ; ಎಡವಿದರೆ ಕಾಲನ್ನು ನೋಡಿರಿ; ಅನಂತರ ಬೇಕಾದರೆ ಗದರಿಸಿರಿ. ಪೋಷಕರೇ, ಸಂಬಂಧ ಕೂಡದೆ ಹೋದೀತೆಂಬ ಭಯದಿಂದ ರೋಗವನ್ನು ಮುಚ್ಚಿಡಬೇಡಿರಿ. ವಿದ್ಯಾರ್ಥಿಗಳೇ, ನಿಮ್ಮ ಗೆಳೆಯನ ನಡಿಗೆಯನ್ನು ಅಣಕಿಸದಿರಿ. ಅವನ ಪಕ್ಕದಲ್ಲಿ ನಡೆಯಿರಿ.

ಆ ಬಾಲಕನ ತರಗತಿಯನ್ನು ಮಹಡಿಯಿಂದ ಕೆಳಗೆ ತಂದಿದ್ದೇವೆ. ಶಾಲೆಯ ಪರೀಕ್ಷೆಗಳಲ್ಲಿ ಬರೆಯಲು ಅವನಿಗೆ ಹೆಚ್ಚಿನ ಅವಧಿಯನ್ನು ಕೊಡುತ್ತಿದ್ದೇವೆ. ಎಲ್ಲರೆದುರು ಗದರಿಸಿದವರು ನಾವು. ಎಲ್ಲರೆದುರೇ ಅವನ ಕ್ಷಮೆಯನ್ನು ಬೇಡಿ, ಈ ಮಾತುಗಳನ್ನು ಮುಗಿಸುತ್ತೇವೆ.