ವಿಧಿಯ ಹೆಸರಿನಲ್ಲಿ ಹೊಣೆ ಜಾರದಿರಲಿ
(ತೊಗರ್ಸಿಯಲ್ಲಿ ನೀಡಿದ ಭಾಷಣದ ಬರಹ ರೂಪ)



ತೊಗರ್ಸಿಗೆ ಸಮುದ್ರ ದೂರ. ಆದರೆ ಘಟ್ಟವೇರಿ ಬರುವ ಬಂಗುಡೆ, ಭೂತಾಯಿ ನಮ್ಮ ಅಡುಗೆಮನೆಗೆ ಅಪರಿಚಿತವಲ್ಲ. ದರಕ್ಕಾಗಿ ಚೌಕಾಸಿ ಮಾಡುವ ನಾವು ಅದರ ಹಿಂದೆ ದುಡಿದವರ ಕ್ಷೇಮವನ್ನು ವಿಚಾರಿಸುವುದಿಲ್ಲ.

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿಯೊಂದಿಗೆ ಏಳು ಮಂದಿ ಕಣ್ಮರೆಯಾದರು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ ಸಮೀಪ ಕಡಲ ತಳದಲ್ಲಿ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ. ಇದು ಹಲವರಿಗೆ ನೆನಪಿದೆ. ದಡದಲ್ಲೇ ನಡೆದ ಇನ್ನೊಂದು ದುರಂತವನ್ನು ನಾವು ಬೇಗನೆ ಮರೆತೆವು.

2022ರ ಏಪ್ರಿಲ್ 17. ಪವಿತ್ರ ರಮಝಾನ್ ತಿಂಗಳು. ಮಂಗಳೂರು ಬಳಿಯ ಬಜ್ಪೆಯ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ಮೀನಿನ ತ್ಯಾಜ್ಯದ ತೊಟ್ಟಿಗಿಳಿದ ಕಾರ್ಮಿಕನೊಬ್ಬ ಪ್ರಜ್ಞೆ ತಪ್ಪಿ ಬಿದ್ದ. ಅವನನ್ನು ರಕ್ಷಿಸಲು ಜೊತೆಗಾರರು ಮುಂದಾದರು. ಐವರು ಅಸುನೀಗಿದರು. ಎಲ್ಲರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ಯುವಕರು, ನಮ್ಮದೇ ಸಮುದಾಯದವರು. ಬೇರೆ ಸಮುದಾಯದವರಾಗಿದ್ದರೂ ನಾನು ಹೇಳುವ ಮಾತಿನಲ್ಲಿ ಒಂದಕ್ಷರವೂ ಬದಲಾಗುತ್ತಿರಲಿಲ್ಲ.

ಮುಚ್ಚಿದ ತೊಟ್ಟಿಯಲ್ಲಿ ಮೀನಿನ ತ್ಯಾಜ್ಯ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅಲ್ಪ ಪ್ರಮಾಣದಲ್ಲಿದ್ದಾಗ ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಏರಿದರೆ ಮೂಗು ಆ ವಾಸನೆಯನ್ನು ಗ್ರಹಿಸುವ ಶಕ್ತಿಯನ್ನೇ ಕಳಕೊಳ್ಳುತ್ತದೆ. ‘ವಾಸನೆಯಿಲ್ಲ, ಇಳಿಯಬಹುದು’ ಎಂದುಕೊಳ್ಳುವಷ್ಟರಲ್ಲಿ ಉಸಿರು ನಿಂತಿರುತ್ತದೆ. ಮುಖಕ್ಕೆ ಕಟ್ಟಿದ ಒದ್ದೆ ಬಟ್ಟೆ ಇದನ್ನು ತಡೆಯದು. ಇಳಿಯುವ ಮೊದಲು ಗಾಳಿಯನ್ನು ಪರೀಕ್ಷಿಸಬೇಕು, ಯಂತ್ರದಿಂದ ಶುದ್ಧ ಗಾಳಿ ಹಾಯಿಸಬೇಕು, ಸೊಂಟದ ಹಗ್ಗ ಮೇಲಿದ್ದವರ ಕೈಯಲ್ಲಿರಬೇಕು. ಇವು ಮಾಲಕನ ಕೆಲಸ, ಕಾರ್ಮಿಕನದ್ದಲ್ಲ.

ಇಂತಹ ಸಾವಿನ ಬಳಿಕ ‘ಅಲ್ಲಾಹನ ವಿಧಿ’ ಎಂಬ ಮಾತು ನಮ್ಮಲ್ಲಿ ಸಲೀಸಾಗಿ ಬರುತ್ತದೆ. ಮೃತರ ತಾಯಿ ಹಾಗೆಂದರೆ ಅದು ಸಹನೆ. ಹಗ್ಗ ಕೊಡದ ಮಾಲಕ ಹಾಗೆಂದರೆ ಅದು ನುಣುಚಿಕೊಳ್ಳುವಿಕೆ. ಪವಿತ್ರ ಕುರ್‌ಆನಿನ ಅಲ್ ಕಹ್ಫ್ ಅಧ್ಯಾಯದಲ್ಲಿ ಸಮುದ್ರದಲ್ಲಿ ದುಡಿಯುವ ಬಡವರ ದೋಣಿಯ ಪ್ರಸ್ತಾಪವಿದೆ. ಅದನ್ನು ದೊರೆ ಕಸಿದುಕೊಳ್ಳದಂತೆ ಕಾಪಾಡಲು ಮುಂಚಿತವಾಗಿಯೇ ಒಂದು ಉಪಾಯ ನಡೆಯಿತು. ಅಪಾಯವನ್ನು ಮೊದಲೇ ಅರಿತು ತಡೆಯುವ ಈ ಪಾಠವನ್ನು ನಾವು ಪ್ರತಿ ಶುಕ್ರವಾರ ಓದುತ್ತೇವೆ.

ನಮ್ಮ ಸಮುದಾಯದಲ್ಲಿಯೂ ಬೋಟುಗಳ, ಐಸ್ ಘಟಕಗಳ, ಮೀನಿನ ಲಾರಿಗಳ ಮಾಲಕರಿದ್ದಾರೆ. ಅವರು ಮಸೀದಿಗೆ ಉದಾರವಾಗಿ ದಾನ ಕೊಡುತ್ತಾರೆ, ಅದು ಸಂತೋಷ. ದಾನ ಪಡೆಯುವ ಜಮಾಅತ್, ‘ನಿಮ್ಮ ಬೋಟಿನಲ್ಲಿ ಎಷ್ಟು ಜನ, ಎಷ್ಟು ಲೈಫ್ ಜಾಕೆಟ್?’ ಎಂದೂ ಕೇಳಲಿ. ಕರಾವಳಿಗೆ ಮಗನನ್ನು ಕೆಲಸಕ್ಕೆ ಕಳುಹಿಸುವ ಹೆತ್ತವರು ಸಂಬಳ ಕೇಳುವ ಮುನ್ನ ವಿಮೆಯನ್ನು ವಿಚಾರಿಸಲಿ. ಇನ್ನು ನಮ್ಮ ಮನೆಗಳ ಪಾಯಿಖಾನೆ ಗುಂಡಿಯಲ್ಲೂ ಇದೇ ಅನಿಲವಿದೆ. ನಾಳೆ ಅದನ್ನು ಸ್ವಚ್ಛಗೊಳಿಸಲು ಯಾರನ್ನೂ ಇಳಿಸಬೇಡಿ, ಯಂತ್ರ ತರಿಸಿರಿ.