ದುಡಿಮೆ ಯಾರದು, ಎಟಿಎಂ ಕಾರ್ಡು ಯಾರ ಕೈಲಿ?

(ಸಂಡೂರಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರು ಸೆರಗು ಬಾಯಿಗಿಟ್ಟುಕೊಳ್ಳಬಹುದು. ಅಷ್ಟು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ನನಗೂ ಮುಜುಗರವೇ. ಆದರೆ ವರದಕ್ಷಿಣೆ, ಗಂಡನ ಹೊಡೆತಗಳ ಬಗ್ಗೆ ಮಾತಾಡಲೂ ಒಂದು ಕಾಲದಲ್ಲಿ ನಾವು ನಾಚುತ್ತಿದ್ದೆವು. ನಾವು ನಾಚಿ ಸುಮ್ಮನಿದ್ದಷ್ಟು ದಿನ ಲಾಭವಾದದ್ದು ಹೊಡೆಯುವವರಿಗೆ.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಮದುವೆಯಾಗಿ ಎಂಟು ವರ್ಷ, ಒಂದು ಮಗು, ಗಂಡನಿಗೆ ಸಾಲ. ತವರಿನಿಂದ ತರುವುದನ್ನೆಲ್ಲ ತಂದಾಗಿತ್ತು, ಕೊರಳ ಸರವೂ ಹೋಗಿತ್ತು. ಆಮೇಲೆ ಅವನು ಮೊಬೈಲು ಹಿಡಿದು ಬಂದನಂತೆ. "ಹೊರದೇಶದವರು ತಿಂಗಳಾ ಚಂದಾ ಕಟ್ಟಿ ನೋಡ್ತಾರ, ಮುಖ ಕಾಣಂಗಿಲ್ಲ, ಯಾರಿಗೂ ಗೊತ್ತಾಗಂಗಿಲ್ಲ" ಎಂದು ಒತ್ತಾಯ. ಆರು ತಿಂಗಳು ನಡೆಯಿತು. "ದುಡ್ಡು ಎಷ್ಟು ಬಂತವ್ವಾ?" ಎಂದೆ. "ಖಾತೆ ನನ್ನ ಹೆಸರಲ್ಲೇ ಐತ್ರಿ ಮೇಡಂ. ಎಟಿಎಂ ಕಾರ್ಡು ಅವನ ಕಿಸೇದಾಗ ಐತಿ" ಎಂದಳು. ಬೇಡವೆಂದ ದಿನ ಹೊಡೆತ, ಊರಿಗೆಲ್ಲ ಕಳಿಸುತ್ತೇನೆಂಬ ಬೆದರಿಕೆ.

ಈ ವ್ಯವಹಾರ ಏನೆಂದು ಮೊದಲು ತಿಳಿಯೋಣ. 2016ರಲ್ಲಿ ಲಂಡನ್ನಿನಲ್ಲಿ ಓನ್ಲಿಫ್ಯಾನ್ಸ್ ಎಂಬ ಕಂಪನಿ ಶುರುವಾಯಿತು. ಚಂದಾ ಕಟ್ಟಿದವರಿಗೆ ಮಾತ್ರ ಚಿತ್ರ, ವಿಡಿಯೋ ಕಾಣುತ್ತವೆ. ನೂರು ರೂಪಾಯಿ ಬಂದರೆ ಇಪ್ಪತ್ತು ಕಂಪನಿಗೆ, ಎಂಬತ್ತು ಹಾಕಿದವರಿಗೆ. ಅಡುಗೆ, ವ್ಯಾಯಾಮ ತೋರಿಸುವವರೂ ಅಲ್ಲಿದ್ದಾರೆ. ಹೆಸರಾದದ್ದು ಬೆತ್ತಲೆ ಚಿತ್ರಗಳಿಂದ. 2020ರ ಲಾಕ್‌ಡೌನಿನಲ್ಲಿ ಬಹಳ ಬೆಳೆಯಿತು. ಹೆಸರು ಮಾಡಿದ ಕೆಲವರಿಗೆ ಕೈತುಂಬ ಹಣ, ಉಳಿದ ಬಹುಪಾಲು ಜನಕ್ಕೆ ಚಿಲ್ಲರೆ. ಸ್ವಂತ ಮನಸ್ಸಿನಿಂದ ಈ ದಾರಿ ಹಿಡಿದ ಹೆಂಗಸರೂ ಇದ್ದಾರೆ. ಅವರನ್ನು ಹೀಯಾಳಿಸಲು ನಾನು ಇಲ್ಲಿ ನಿಂತಿಲ್ಲ. ಹೆಣ್ಣಿನ ಶೀಲವನ್ನು ಅಳೆಯುವ ತಕ್ಕಡಿ ಸಮಾಜದ ಬಳಿ ಬೇಕಾದಷ್ಟಿವೆ. ಸಂಘದಲ್ಲಿ ಇನ್ನೊಂದು ಬೇಡ.

ಆದರೆ ಕಾನೂನು ಗೊತ್ತಿರಬೇಕು. ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ 67ಎ ಕಲಮಿನ ಪ್ರಕಾರ ಲೈಂಗಿಕ ಕ್ರಿಯೆಯ ಚಿತ್ರ, ವಿಡಿಯೋಗಳನ್ನು ಪ್ರಕಟಿಸುವುದು, ಕಳಿಸುವುದು ಅಪರಾಧ. ಮೊದಲ ಸಲವೇ ಐದು ವರ್ಷದವರೆಗೆ ಸೆರೆ, ಹತ್ತು ಲಕ್ಷದವರೆಗೆ ದಂಡ. ಖಾತೆ ಅವಳ ಹೆಸರಿನಲ್ಲಿದ್ದರೆ ಪೊಲೀಸರು ಮೊದಲು ಹುಡುಕುವುದು ಅವಳನ್ನೇ. ಹಣ ಅವನಿಗೆ, ಕೇಸು ಇವಳಿಗೆ!

ನಮ್ಮ ಬಳ್ಳಾರಿ ಸೀಮೆಗೆ ಈ ಲೆಕ್ಕ ಹೊಸದಲ್ಲ. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಂದಿರನ್ನು ನಾವು ಕಂಡಿದ್ದೇವೆ. 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯಿದೆ ಬಂತು. ಆದರೂ 1993-94 ಮತ್ತು 2007-08ರ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ 46,660 ದೇವದಾಸಿಯರನ್ನು ಗುರುತಿಸಲಾಯಿತು. ಅಲ್ಲಿಯೂ ಅವಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಸುಖ ಊರ ದೊಡ್ಡವರಿಗೆ, ಕಳಂಕ ಅವಳಿಗೆ ಮತ್ತು ಅವಳ ಮಕ್ಕಳಿಗೆ. ಆಗ ದೇವರ ಹೆಸರು, ಈಗ ಮೊಬೈಲು.

ಆದ್ದರಿಂದ ಯಾವ ದುಡಿಮೆಯನ್ನೇ ಆಗಲಿ ನಾಲ್ಕು ಪ್ರಶ್ನೆ ಕೇಳಿ ನೋಡೋಣ. ಶುರು ಮಾಡಬೇಕೆಂದು ಹೇಳಿದವರು ಯಾರು? ಬೇಡವೆಂದರೆ ನಿಲ್ಲಿಸಬಹುದೇ? ಹಣ ಯಾರ ಕೈ ಸೇರುತ್ತದೆ? ಕೊಟ್ಟದ್ದನ್ನು ವಾಪಸು ಪಡೆಯಬಹುದೇ? ನಾಲ್ಕನೆಯದು ಸಂಡೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಟ್ಟದಿಂದ ತೆಗೆದು ಲಾರಿಗೆ ತುಂಬಿದ ಅದಿರು ಮತ್ತೆ ಬೆಟ್ಟ ಸೇರುವುದಿಲ್ಲ. ಚಿತ್ರವೂ ಹಾಗೆಯೇ. 2024ರಲ್ಲಿ ಹಾಸನದಲ್ಲಿ ಪೆನ್‌ಡ್ರೈವುಗಳನ್ನು ಹಂಚಿದಾಗ ಆ ಹೆಣ್ಣುಮಕ್ಕಳು ಊರಿನಲ್ಲಿ ತಲೆಯೆತ್ತಿ ನಡೆಯಲಾಗದಂತಾಯಿತು. ತಪ್ಪು ಅವರದಾಗಿರಲಿಲ್ಲ.

ಬಲವಂತ ನಡೆದಿದ್ದರೆ ದಾರಿಗಳಿವೆ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಲ್ಲಿ ಹೊಡೆತದ ಜೊತೆ ಲೈಂಗಿಕ ದೌರ್ಜನ್ಯ, ಆರ್ಥಿಕ ದೌರ್ಜನ್ಯಗಳೂ ಸೇರಿವೆ. ದುಡಿದ ಹಣ ಕಿತ್ತುಕೊಳ್ಳುವುದೂ ದೌರ್ಜನ್ಯವೇ. ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ನಮ್ಮಲ್ಲಿ ಸಂರಕ್ಷಣಾಧಿಕಾರಿ. ಅಂಗನವಾಡಿ ಟೀಚರನ್ನು ಕೇಳಿದರೂ ಅವರ ಕಚೇರಿ ತೋರಿಸುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಇನ್ನೊಂದು ಮಾತು ಹೇಳುತ್ತದೆ: ಖಾಸಗಿ ಚಿತ್ರ ತೆಗೆಯಲು ಒಪ್ಪಿದ್ದರೂ, ಹಂಚಲು ಅವಳು ಒಪ್ಪದಿದ್ದರೆ ಹಂಚಿದವನು ಅಪರಾಧಿ. "ಒಪ್ಪಿಯೇ ತೆಗೆಸಿಕೊಂಡಳಲ್ಲ" ಎನ್ನುವವರಿಗೆ ಇದೇ ಉತ್ತರ. ಬೆದರಿಕೆಯ ಸಂದೇಶಗಳನ್ನು ಅಳಿಸಬೇಡಿ, ಅವೇ ಸಾಕ್ಷಿ. ಸೈಬರ್ ದೂರಿಗೆ 1930, ಮಹಿಳಾ ಸಹಾಯವಾಣಿಗೆ 181.

ಆ ಹುಡುಗಿಯ ಜೊತೆ ಅವಳ ಸಂಘದ ಹೆಂಗಸರೇ ಹೋದರು. ಮೊದಲು ಬ್ಯಾಂಕಿಗೆ ಹೋಗಿ ಕಾರ್ಡು ಬಂದ್ ಮಾಡಿಸಿದರು, ಆಮೇಲೆ ಸಂರಕ್ಷಣಾಧಿಕಾರಿಯ ಕಚೇರಿಗೆ. ಅರ್ಜಿ ಇನ್ನೂ ನ್ಯಾಯಾಲಯದಲ್ಲಿದೆ. ಎಲ್ಲ ಚಿತ್ರಗಳೂ ಅಳಿದಿವೆಯೆಂದು ಧೈರ್ಯ ಹೇಳಲು ನನ್ನಿಂದಾಗಲಿಲ್ಲ. ಅವಳೀಗ ತವರಿನಲ್ಲಿ ಹೊಲಿಗೆ ಮಾಡುತ್ತಾಳೆ, ವಾರದ ಉಳಿತಾಯ ಕಟ್ಟುತ್ತಾಳೆ. ಮೊದಲ ದಿನ ಸಭೆಯಲ್ಲಿ ಅವಳು ಬಾಗಿಲ ಬಳಿ ಕುಳಿತಿದ್ದಳಂತೆ. ಹಿರಿಯಳೊಬ್ಬಳು, "ಅಲ್ಯಾಕ ಕುಂತಿಯವ್ವಾ, ಈಚಿಗೆ ಬಾ" ಎಂದು ಜಾಗ ಬಿಟ್ಟಳಂತೆ.

ಯಾವ ಕಾಯಿದೆಯೂ ಕೊಡಲಾರದ್ದು ಆ ಜಾಗ. ನಿಮ್ಮ ಸಂಘದಲ್ಲೂ ಬಾಗಿಲ ಬಳಿ ಯಾರು ಕುಳಿತಿದ್ದಾರೆಂದು ಒಮ್ಮೆ ನೋಡಿ.