ಕಡಲಲ್ಲಿ ಕಾಣಿಸಿಕೊಳ್ಳುವುದು ಹೇಗೆ?

ಮಕ್ಕಳೇ, ಪಡುಬಿದ್ರಿಯ ಎಂಡ್ ಪಾಯಿಂಟ್ ಕಡೆ ಯಾವತ್ತಾದರೂ ಹೋಗಿದ್ದೀರಾ? ಒಂದು ಬದಿಗೆ ಕಾಮಿನಿ ಹೊಳೆ, ಇನ್ನೊಂದು ಬದಿಗೆ ಅರಬ್ಬಿ ಸಮುದ್ರ, ನಡುವೆ ಉದ್ದಕ್ಕೆ ಮರಳು. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಡಲತೀರ ಇದು. ಹೊಳೆಯಲ್ಲಿ ತೇಲಿಬಂದ ತೆಂಗಿನಕಾಯಿ ಅಲ್ಲಿ ಅಲೆಗಳ ನಡುವೆ ಹೋಗುತ್ತಿದ್ದರೆ ಸ್ವಲ್ಪ ಹೊತ್ತು ಅದರ ಮೇಲೇ ಕಣ್ಣಿಡಿ. ಅಲೆಯ ನೆತ್ತಿಗೆ ಬಂದಾಗ ಕಾಣುತ್ತದೆ, ಹಿಂದಕ್ಕೆ ಜಾರಿದಾಗ ಮಾಯ. ಮತ್ತೆ ಕಂಡೀತೆಂದು ಕಾದರೆ, ಎಲ್ಲಿ ನೋಡಬೇಕೆಂಬುದೇ ಮರೆತುಹೋಗಿರುತ್ತದೆ.

ನೀರಿನಲ್ಲಿ ತೇಲುವ ಮನುಷ್ಯನ ತಲೆಯೂ ಹಾಗೆಯೇ. ಮೈಯೆಲ್ಲ ನೀರೊಳಗೆ, ಮೇಲಿರುವುದು ತಲೆಯಷ್ಟೇ. ಇಷ್ಟು ದೊಡ್ಡ ಕಡಲಲ್ಲಿ ಅಷ್ಟು ಸಣ್ಣದನ್ನು ಹುಡುಕುವುದು ಎಂಥ ಕಷ್ಟ, ಯೋಚಿಸಿ!

ಆ ಕಷ್ಟ ನಿಜವಾಗಿ ಎದುರಾಗುವುದು ಸ್ಕೂಬಾ ಡೈವಿಂಗ್ ಮಾಡುವವರಿಗೆ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು, ಅದರಲ್ಲಿ ಒತ್ತಿ ತುಂಬಿದ ಗಾಳಿಯನ್ನು ಉಸಿರಾಡುತ್ತ ನೀರಿನಡಿ ಈಜುವವರು ಇವರು. ಸಾಮಾನ್ಯವಾಗಿ ಆ ಸಿಲಿಂಡರಿನಲ್ಲಿ ಇರುವುದು ನಾವು ನೀವು ಉಸಿರಾಡುವ ಗಾಳಿಯೇ. ನಮ್ಮ ಕರಾವಳಿಯಲ್ಲಿ ಇದಕ್ಕೆ ಹೆಸರಾದ ಜಾಗ ನೇತ್ರಾಣಿ ದ್ವೀಪ. ಮುರುಡೇಶ್ವರದಿಂದ ದೋಣಿ ಹತ್ತಿ ಸುಮಾರು 19 ಕಿಲೋಮೀಟರ್ ಹೋಗಬೇಕು. ಅಲ್ಲಿ ನೀರೊಳಗೆ ಹವಳ, ಬಣ್ಣಬಣ್ಣದ ಮೀನು, ಅದೃಷ್ಟವಿದ್ದರೆ ಆಮೆ.

ಇಳಿದವರು ದೋಣಿಯ ಪಕ್ಕದಲ್ಲೇ ಮೇಲೆ ಬರುತ್ತಾರೆಂದು ಹೇಳಲಾಗದು. ನೀರೊಳಗೆ ಹರಿವು ಇರುತ್ತದೆ, ಅದು ಮೆಲ್ಲಗೆ ದೂರಕ್ಕೆ ಒಯ್ಯುತ್ತದೆ. ಆಗ ದೋಣಿಯವರ ಕಣ್ಣಿಗೆ ಬೀಳುವುದು ಹೇಗೆ? ಅದಕ್ಕಾಗಿ ಮುಳುಗುವವರು ಕೆಲವು ಸಾಮಾನುಗಳನ್ನು ಮೈಮೇಲೇ ಇಟ್ಟುಕೊಂಡಿರುತ್ತಾರೆ. ಒಂದೊಂದರ ಹಿಂದೆಯೂ ಚಂದದ ವಿಜ್ಞಾನವಿದೆ. ನನಗಂತೂ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಗಾಳಿ ತುಂಬುವ ಕಿತ್ತಳೆ ಬಣ್ಣದ ಟ್ಯೂಬು.

ಮಡಚಿ ಸುತ್ತಿದರೆ ಅದು ಕೈಯೊಳಗೆ ಹಿಡಿಸುವಷ್ಟು ಚಿಕ್ಕದು. ಗಾಳಿ ತುಂಬಿದರೆ ಒಂದೂವರೆ, ಎರಡು ಮೀಟರ್ ಉದ್ದವಾಗಿ ನೀರಿನ ಮೇಲೆ ನೆಟ್ಟಗೆ ನಿಲ್ಲುತ್ತದೆ. ಎತ್ತರ ಹೆಚ್ಚಿದಷ್ಟೂ ದೂರದವರಿಗೆ ಕಾಣುತ್ತದೆ. ಪಡುಬಿದ್ರಿಯಿಂದ ಉತ್ತರಕ್ಕಿರುವ ಕಾಪುವಿನ ದೀಪಸ್ತಂಭವನ್ನು 1901ರಲ್ಲಿ ಬಂಡೆಯ ಮೇಲೆ ಅಷ್ಟು ಎತ್ತರಕ್ಕೆ ಕಟ್ಟಿದ್ದೂ ಇದಕ್ಕೇ. ನಮ್ಮ ಮೀನುಗಾರರು ಕಡಲಲ್ಲಿ ಬಲೆ ಬಿಟ್ಟು, ಅದರ ತುದಿಯಲ್ಲಿ ತೇಲುವ ಕೋಲಿಗೊಂದು ಬಾವುಟ ಕಟ್ಟುತ್ತಾರಲ್ಲ, ಅಲ್ಲಿಯೂ ಇದೇ ಜಾಣತನ.

ಈ ಟ್ಯೂಬನ್ನು ನೀರಿನಡಿಯಿಂದಲೇ ಮೇಲಕ್ಕೆ ಕಳಿಸುತ್ತಾರೆ. ಹೇಗೆಂದು ತಿಳಿಯಲು ಒಂದು ಬಕೆಟ್ ತುಂಬ ನೀರು ತೆಗೆದುಕೊಳ್ಳಿ. ಖಾಲಿ ಲೋಟವನ್ನು ಬೋರಲು ಹಿಡಿದು ನೇರವಾಗಿ ಒಳಕ್ಕೆ ಒತ್ತಿ. ಲೋಟ ನಿಮ್ಮ ಕೈಯನ್ನೇ ಮೇಲಕ್ಕೆ ತಳ್ಳುತ್ತದೆ, ಅಲ್ಲವೇ? ಒಳಗಿನ ಗಾಳಿ ನೀರಿಗೆ ಜಾಗ ಬಿಟ್ಟುಕೊಡುವುದಿಲ್ಲ. ಆದರೂ ಸೂಕ್ಷ್ಮವಾಗಿ ನೋಡಿ, ಲೋಟದ ಬಾಯಂಚಿನಿಂದ ಚೂರೇ ಚೂರು ನೀರು ಒಳಗೆ ಹೋಗಿರುತ್ತದೆ. ಸುತ್ತಲಿನ ನೀರು ಗಾಳಿಯನ್ನು ಅದುಮಿ ಕಿರಿದು ಮಾಡಿದೆ.

ಅದೇ ಲೋಟವನ್ನು ಕಡಲಲ್ಲಿ 10 ಮೀಟರ್ ಆಳಕ್ಕೆ ಒಯ್ದರೆ ನೀರು ಅರ್ಧ ಲೋಟದವರೆಗೆ ಏರುತ್ತದೆ, ಗಾಳಿ ಅರ್ಧಕ್ಕೆ ಇಳಿಯುತ್ತದೆ. 20 ಮೀಟರ್‌ಗೆ ಹೋದರೆ ಗಾಳಿ ಮೂರರಲ್ಲಿ ಒಂದು ಪಾಲು. ಮೇಲೆ ತಂದರೆ ಮತ್ತೆ ಹಿಗ್ಗಿ ಲೋಟ ತುಂಬುತ್ತದೆ. ಹಾಗಾಗಿ 10 ಮೀಟರ್ ಆಳದಲ್ಲಿ ಟ್ಯೂಬಿಗೆ ಅರ್ಧ ಗಾಳಿ ಊದಿದರೆ ಸಾಕು. ಮೇಲೇರುತ್ತ ಏರುತ್ತ ಗಾಳಿ ತಾನಾಗಿ ಹಿಗ್ಗಿ, ಟ್ಯೂಬು ನೀರಿನ ಮೇಲೆ ಬರುವಷ್ಟರಲ್ಲಿ ಬಿಗಿಯಾಗಿ ತುಂಬಿರುತ್ತದೆ. ಕೆಳಗಿರುವವರ ಕೈಯಲ್ಲಿ ಅದರ ದಾರದ ಸುರುಳಿ ಬಿಚ್ಚಿಕೊಳ್ಳುತ್ತಿರುತ್ತದೆ, ಗಾಳಿಪಟ ಬಿಡುವಾಗಿನ ಹಾಗೆಯೇ.

ಶ್ವಾಸಕೋಶದ ಗಾಳಿಯೂ ಇದೇ ರೀತಿ ಹಿಗ್ಗುತ್ತದೆ. ಅದಕ್ಕೇ ಮೇಲೇರುವಾಗ ಉಸಿರು ಕಟ್ಟಲೇಬಾರದು, ಆತುರವೂ ಕೂಡದು. ಸಾಮಾನ್ಯವಾಗಿ 5 ಮೀಟರ್ ಆಳದಲ್ಲಿ 3 ನಿಮಿಷ ನಿಂತು ಬರುತ್ತಾರೆ. ಅಷ್ಟು ಹೊತ್ತೂ ಟ್ಯೂಬು ಮೇಲೆ ನಿಂತು ‘ಇಲ್ಲಿ ಕೆಳಗೆ ಜನರಿದ್ದಾರೆ, ದೋಣಿ ಓಡಿಸಬೇಡಿ’ ಎಂದು ಸಾರುತ್ತಿರುತ್ತದೆ.

ಬಣ್ಣ ಕಿತ್ತಳೆಯೇ ಏಕೆ? ಕಡಲು ನೀಲಿ, ಹಸಿರು, ಮಳೆಮೋಡದ ದಿನ ಬೂದು. ಅಲೆಯ ನೊರೆ ಬಿಳಿ. ಕಿತ್ತಳೆ ಬಣ್ಣವೊಂದೇ ಅಲ್ಲಿ ಬೇರೆಯಾಗಿ ಎದ್ದು ಕಾಣುತ್ತದೆ. ನೀರೊಳಗಾದರೆ ಕಥೆ ಬೇರೆ. ಸೂರ್ಯನ ಬೆಳಕಿನಲ್ಲಿರುವ ಕೆಂಪನ್ನು ನೀರು ಎಲ್ಲಕ್ಕಿಂತ ಮೊದಲು ಹೀರಿಬಿಡುತ್ತದೆ. ಅಂಗಳದ ಕೆಂಪು ದಾಸವಾಳವನ್ನು 10 ಮೀಟರ್ ಕೆಳಗೆ ಒಯ್ದರೆ ಅದು ಮಂಕಾಗಿ, ಕಪ್ಪುಕಪ್ಪಾಗಿ ಕಾಣುತ್ತದೆ. ಟಾರ್ಚು ಹಾಕಿದಿರೋ, ಕೆಂಪು ಥಟ್ಟನೆ ಮರಳಿ ಬರುತ್ತದೆ! ನೀರಿನಡಿ ಜೊತೆಗಾರನನ್ನು ಕರೆಯಲೂ, ಸಂಜೆಗತ್ತಲಲ್ಲಿ ದೋಣಿಗೆ ತಾನಿರುವ ಜಾಗ ತೋರಿಸಲೂ ಆ ಟಾರ್ಚೇ ಬೇಕು.

ಇನ್ನು ಸದ್ದಿನ ವಿಷಯ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ಕಡಲ ನೀರಿನಲ್ಲಿ ಸುಮಾರು 1,500 ಮೀಟರ್. ಹಿಂದಿನಿಂದ ಅಮ್ಮ ಕರೆದಾಗ ಅವರು ಎಡಕ್ಕಿದ್ದಾರೋ ಬಲಕ್ಕೋ ಎಂದು ನಿಮಗೆ ನೋಡದೆಯೇ ಗೊತ್ತಾಗುತ್ತದಲ್ಲ? ಸದ್ದು ಒಂದು ಕಿವಿಗೆ ಚೂರು ಮೊದಲು, ಇನ್ನೊಂದಕ್ಕೆ ಚೂರು ತಡವಾಗಿ ತಲುಪುವುದನ್ನು ಮೆದುಳು ಲೆಕ್ಕ ಹಾಕಿ ಹೇಳುತ್ತದೆ. ನೀರಿನಲ್ಲಿ ಸದ್ದು ನಾಲ್ಕು ಪಟ್ಟಿಗಿಂತ ಬೇಗ ಓಡುವುದರಿಂದ ಆ ಚೂರು ಅಂತರವೂ ತೀರಾ ಕಡಿಮೆಯಾಗಿ ಮೆದುಳಿಗೆ ಲೆಕ್ಕ ಸಿಗುವುದಿಲ್ಲ. ಜೊತೆಗಾರ ತನ್ನ ಸಿಲಿಂಡರಿಗೆ ಟಣ್ ಟಣ್ ಎಂದು ಬಡಿದರೆ ಚೆನ್ನಾಗಿಯೇ ಕೇಳುತ್ತದೆ, ಆದರೆ ಎತ್ತಲಿಂದ ಎಂದು ತಿಳಿಯದು. ಸುತ್ತಲೂ ತಿರುಗಿ ನೋಡಬೇಕು.

ನೀರಿನ ಮೇಲೆ ಬಂದವರಿಗೆ ಒಂದು ವಿಸಿಲ್ ಇದ್ದರೆ ದೊಡ್ಡ ಆಸರೆ. ಕೂಗಿದರೆ ಗಂಟಲು ಸೋಲುತ್ತದೆ, ಬಾಯಿಗೆ ಉಪ್ಪುನೀರು ನುಗ್ಗುತ್ತದೆ. ವಿಸಿಲಿನ ಚೂಪಾದ ದನಿ ಅಲೆಯ ಮೊರೆತವನ್ನು ಸೀಳಿಕೊಂಡು ಹೋಗುತ್ತದೆ, ಬ್ಯಾಟರಿಯ ಗೊಡವೆಯೂ ಇಲ್ಲ.

ಬ್ಯಾಟರಿ ಬೇಡದ ಇನ್ನೊಂದು ಸಾಧನ ಅಂಗೈಯಗಲದ ಕನ್ನಡಿ. ಬಿಸಿಲಿದ್ದರೆ ಅದರ ಮಿಂಚು ಕಿಲೋಮೀಟರುಗಟ್ಟಲೆ ದೂರದವರಿಗೆ ಕಾಣುತ್ತದೆ. ಗುರಿ ಹಿಡಿಯುವ ಉಪಾಯ ಕೇಳಿ. ಒಂದು ಕೈ ಮುಂದೆ ಚಾಚಿ ಎರಡು ಬೆರಳು ಅಗಲಿಸಿ, ದೋಣಿ ಆ ಬೆರಳುಗಳ ನಡುವೆ ಕಾಣುವಂತೆ ಹಿಡಿಯಬೇಕು. ಇನ್ನೊಂದು ಕೈಯ ಕನ್ನಡಿಯನ್ನು ಕಣ್ಣಿನ ಪಕ್ಕದಲ್ಲಿಟ್ಟುಕೊಂಡು, ಅದರ ಬೆಳಕು ಬೆರಳುಗಳ ಮೇಲೆ ಬೀಳುವಂತೆ ಅಲ್ಲಾಡಿಸಿದರೆ ಮಿಂಚು ಸೀದಾ ದೋಣಿಗೆ. ನೀವು ಮಾಡಿ ನೋಡುವುದಾದರೆ ಮನೆಯ ಗೋಡೆಯತ್ತ ಮಾತ್ರ; ಯಾರ ಕಣ್ಣಿಗೂ, ರಸ್ತೆಯ ವಾಹನಕ್ಕೂ ಬೇಡ.

ಯಾವ ಸಾಮಾನೂ ಬೇಡದ ಸನ್ನೆಗಳೂ ಇವೆ. ನೀರೊಳಗೆ ಹೆಬ್ಬೆರಳು ಮೇಲೆತ್ತಿದರೆ ‘ಭೇಷ್’ ಎಂದಲ್ಲ, ‘ಮೇಲಕ್ಕೆ ಹೋಗೋಣ’ ಎಂದು. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ನೀರಿನ ಮೇಲೆ ದೂರದಲ್ಲಿದ್ದರೆ ಎರಡೂ ಕೈಗಳನ್ನು ತಲೆಯ ಮೇಲೆ ದೊಡ್ಡ ಸೊನ್ನೆಯಂತೆ ಕೂಡಿಸುತ್ತಾರೆ. ಕೈ ಮೇಲೆತ್ತಿ ಅತ್ತಿತ್ತ ಬೀಸಿದರೆ ‘ಸಹಾಯ ಬೇಕು’ ಎಂದರ್ಥ.

ಇದೊಂದನ್ನು ನೀವು ನೆನಪಿಟ್ಟುಕೊಳ್ಳಬೇಕು. ಕಡಲ ಬದಿಯಲ್ಲಿ ಆಡುವಾಗ ನೀರಿನಲ್ಲಿ ಯಾರಾದರೂ ಹೀಗೆ ಕೈ ಬೀಸುತ್ತಿರುವುದು ಕಂಡರೆ ಟಾಟಾ ಮಾಡಿ ಸುಮ್ಮನಾಗಬೇಡಿ, ನೀರಿಗೂ ಇಳಿಯಬೇಡಿ. ಒಬ್ಬರು ಅವರ ಮೇಲಿನ ಕಣ್ಣು ತೆಗೆಯದೆ ಬೆರಳು ತೋರಿಸುತ್ತ ನಿಲ್ಲಿ, ಇನ್ನೊಬ್ಬರು ಲೈಫ್‌ಗಾರ್ಡ್ ಬಳಿಗೆ ಓಡಿ. ಅವರು ಇಲ್ಲದಿದ್ದರೆ ಹತ್ತಿರದ ದೊಡ್ಡವರಿಗೆ ಹೇಳಿ 112ಕ್ಕೆ ಫೋನ್ ಮಾಡಿಸಿ.